ಸಿ. ಎಲ್. ಆರ್. ಜೇಮ್ಸ್: ಚರಿತ್ರೆಯ ಆಕರ ಮತ್ತು ಜನರ ಮಾತು

ಗುಲಾಮಗಿರಿಯ ಚರಿತ್ರೆಯನ್ನು ಬರೆಯಹೊರಡುವ ವಿದ್ವಾಂಸರಿಗೆ ಎದುರಾಗುವ ಮೊದಲ ತೊಡಕು ಆಕರಗಳದು. ತೋಟದ ಲೆಕ್ಕಪುಸ್ತಕ, ಹಡಗಿನ ಸರಕುಪಟ್ಟಿ, ಗವರ್ನರನ ವರದಿ, ಪಾದ್ರಿಯ ಪತ್ರ, ನ್ಯಾಯಾಲಯದ ತೀರ್ಪು ಇವೆಲ್ಲವೂ ಒಡೆಯರ ಕಡೆಯಿಂದ ಬಂದ ಬರಹಗಳು. ಗುಲಾಮನ ಬೆಲೆ ಇವುಗಳಲ್ಲಿ ಸಿಗುತ್ತದೆ, ಅವನ ವಯಸ್ಸು ಸಿಗುತ್ತದೆ, ಅವನಿಗೆ ವಿಧಿಸಿದ ಚಾಟಿ ಏಟುಗಳ ಎಣಿಕೆಯೂ ಸಿಗುತ್ತದೆ. ಅವನ ಮಾತು ಸಿಗುವುದು ಅಪರೂಪ. ಸಿಕ್ಕರೂ ಅದು ಒಡೆಯನ ಕಿವಿಗೆ ಬಿದ್ದು, ಒಡೆಯನ ಭಾಷೆಯಲ್ಲಿ ಬರೆದಿಟ್ಟ ಮಾತಾಗಿರುತ್ತದೆ. ಇಂಥ ದಾಖಲೆಗಳನ್ನೇ ಆಧರಿಸಿ ದಾಖಲೆಯೊಳಗೆ ಬಾರದವರ ಚರಿತ್ರೆಯನ್ನು ಕಟ್ಟುವುದು ಹೇಗೆ ಎಂಬುದು ಚರಿತ್ರೆ ಹಾಗೂ ಜಾನಪದ ಎರಡೂ ಶಿಸ್ತುಗಳಿಗೆ ಸಮಾನವಾದ ಪ್ರಶ್ನೆ.

ಕೆರಿಬಿಯನ್ ಪ್ರದೇಶದ ವಸಾಹತುಶಾಹಿ ವಿರೋಧಿ ಚಿಂತಕರಲ್ಲಿ ಅಗ್ರಗಣ್ಯರಾದ ಸಿರಿಲ್ ಲಯೊನೆಲ್ ರಾಬರ್ಟ್ ಜೇಮ್ಸ್ (1901-1989) ಈ ಪ್ರಶ್ನೆಯನ್ನು ಜೀವನದುದ್ದಕ್ಕೂ ಎದುರಿಸಿದವರು. ಕಾದಂಬರಿಕಾರ, ಇತಿಹಾಸಕಾರ, ಮಾರ್ಕ್ಸ್‌ವಾದಿ ಸಂಘಟಕ, ಪತ್ರಕರ್ತ, ಕ್ರಿಕೆಟ್ ವಿಮರ್ಶಕ ಎಂದು ಅವರನ್ನು ಬೇರೆಬೇರೆಯಾಗಿ ಗುರುತಿಸುವುದು ರೂಢಿ. ಆದರೆ ಈ ಎಲ್ಲ ಕ್ಷೇತ್ರಗಳಲ್ಲಿಯೂ ಅವರು ಹುಡುಕಿದ್ದು ಒಂದೇ ಸಂಗತಿಯನ್ನು: ಬರಹದಿಂದ ದೂರವಿದ್ದ ಜನರ ಅರಿವು ಎಲ್ಲಿ ನೆಲೆಗೊಂಡಿರುತ್ತದೆ, ಅದನ್ನು ಓದುವ ಬಗೆ ಯಾವುದು? 1938ರ 'ದಿ ಬ್ಲ್ಯಾಕ್ ಜಾಕೊಬಿನ್ಸ್' ಕೃತಿಯಿಂದ 1971ರ ಉಪನ್ಯಾಸಗಳವರೆಗೆ ಈ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರಗಳು ಬೆಳೆಯುತ್ತ ಹೋದ ಬಗೆಯನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

1. ಟ್ರಿನಿಡಾಡಿನ ಹಿನ್ನೆಲೆ

ಟ್ರಿನಿಡಾಡ್ ದ್ವೀಪವು 1797ರಲ್ಲಿ ಸ್ಪೇನಿನಿಂದ ಬ್ರಿಟಿಷರ ವಶಕ್ಕೆ ಬಂದಿತು. ಬ್ರಿಟಿಷ್ ವಸಾಹತುಗಳ ಗುಲಾಮರಿಗೆ 1838ರಲ್ಲಿ ಪೂರ್ಣ ಬಿಡುಗಡೆ ದೊರೆತ ಮೇಲೆ ಕಬ್ಬಿನ ತೋಟಗಳಿಗೆ ಆಳುಗಳ ಕೊರತೆ ಉಂಟಾಯಿತು. ಅದನ್ನು ತುಂಬಲು 1845ರಿಂದ 1917ರವರೆಗೆ ಭಾರತದಿಂದ ಸುಮಾರು 1,44,000 ಮಂದಿ ಕರಾರು ಕೂಲಿಗಳನ್ನು ಅಲ್ಲಿಗೆ ಸಾಗಿಸಲಾಯಿತು. ಆಫ್ರಿಕಾ ಮೂಲದವರ ಕಾರ್ನಿವಲ್ ಹಬ್ಬ, ಭಾರತ ಮೂಲದವರು 'ಹೊಸೆ' ಎಂದು ಕರೆಯುವ ಮೊಹರಂ ಮೆರವಣಿಗೆ ಇವೆರಡೂ ದ್ವೀಪದ ಸಾರ್ವಜನಿಕ ಬದುಕಿನ ಮುಖ್ಯ ಅಂಗಗಳಾದವು. ವಸಾಹತು ಸರ್ಕಾರ ಇವೆರಡನ್ನೂ ಅನುಮಾನದಿಂದಲೇ ಕಂಡಿತು. 1881ರ ಕಾರ್ನಿವಲ್‌ನಲ್ಲಿ ಪಂಜು ಹಿಡಿದ ಜನರಿಗೂ ಪೊಲೀಸರಿಗೂ ಘರ್ಷಣೆ ನಡೆಯಿತು. 1884ರಲ್ಲಿ ಸ್ಯಾನ್ ಫರ್ನಾಂಡೊ ಪಟ್ಟಣದತ್ತ ಸಾಗುತ್ತಿದ್ದ ಹೊಸೆ ಮೆರವಣಿಗೆಯ ಮೇಲೆ ಗುಂಡು ಹಾರಿಸಲಾಯಿತು. ಜನಪದ ಪ್ರದರ್ಶನದಲ್ಲಿ ರಾಜಕೀಯ ಅಡಗಿದೆ ಎಂಬುದನ್ನು ಇತಿಹಾಸಕಾರರಿಗಿಂತ ಮೊದಲು ಅರಿತವರು ಪೊಲೀಸರೆಂದೇ ಹೇಳಬೇಕಾಗುತ್ತದೆ.

ಜೇಮ್ಸ್ ಜನಿಸಿದ್ದು 1901ರ ಜನವರಿ 4ರಂದು. ತಂದೆ ಶಾಲಾ ಶಿಕ್ಷಕರು. ತಾಯಿ ಕೈಗೆ ಸಿಕ್ಕ ಕಾದಂಬರಿಯನ್ನೆಲ್ಲ ಓದುತ್ತಿದ್ದ ಗೃಹಿಣಿ. ಟ್ಯೂನಪೂನ ಎಂಬ ಊರಿನ ಮನೆಯ ಕಿಟಕಿಯಿಂದ ಕ್ರಿಕೆಟ್ ಮೈದಾನ ಕಾಣುತ್ತಿತ್ತು. ಬಾಲಕ ಜೇಮ್ಸ್ ಆ ಕಿಟಕಿಯಲ್ಲಿ ಕುರ್ಚಿ ಹಾಕಿಕೊಂಡು ಆಟ ನೋಡುತ್ತ, ಥ್ಯಾಕರೆಯ ಕಾದಂಬರಿಗಳನ್ನು ಮತ್ತೆಮತ್ತೆ ಓದುತ್ತ ಬೆಳೆದರು. ವಿದ್ಯಾರ್ಥಿವೇತನ ಪಡೆದು ಪೋರ್ಟ್ ಆಫ್ ಸ್ಪೇನ್ ನಗರದ ಕ್ವೀನ್ಸ್ ರಾಯಲ್ ಕಾಲೇಜಿಗೆ ಸೇರಿದರು. ಮುಂದೆ ಅಲ್ಲಿಯೇ ಪಾಠ ಹೇಳಿದರು. ಸ್ವತಂತ್ರ ಟ್ರಿನಿಡಾಡಿನ ಮೊದಲ ಪ್ರಧಾನಿಯಾದ ಎರಿಕ್ ವಿಲಿಯಮ್ಸ್ ಅಲ್ಲಿ ಅವರ ವಿದ್ಯಾರ್ಥಿಯಾಗಿದ್ದರು.

ಈ ಮನೆಯ ಶಿಸ್ತಿಗೆ ಇನ್ನೊಂದು ಮುಖವಿತ್ತು. ಮರ್ಯಾದಸ್ಥ ಕರಿಯ ಮಧ್ಯಮವರ್ಗಕ್ಕೆ ಕ್ಯಾಲಿಪ್ಸೊ ಹಾಡು ಕೀಳುಜನರ ವ್ಯವಹಾರ. ಹಾಡುಗಾರರ ಡೇರೆಗೆ ಹೋಗುವುದೆಂದರೆ ನರಕದ ದಾರಿ ಹಿಡಿದಂತೆ. ತಾಯಿಯ ಎಚ್ಚರಿಕೆಯ ನಡುವೆಯೂ ಜೇಮ್ಸ್ ಆ ಹಾಡುಗಳತ್ತ ಸೆಳೆಯಲ್ಪಟ್ಟರು. ಪಕ್ಕದ ಮನೆಯ ಮ್ಯಾಥ್ಯೂ ಬಾಂಡ್‌ಮನ್ ಎಂಬ ಯುವಕ ಕೆಲಸವಿಲ್ಲದವನು, ಒರಟು ಮಾತಿನವನು, ಊರಿನ ಮರ್ಯಾದಸ್ಥರ ತಿರಸ್ಕಾರಕ್ಕೆ ಪಾತ್ರನಾದವನು. ಅವನು ಬ್ಯಾಟು ಹಿಡಿದು ನಿಂತಾಗ ಮಾತ್ರ ಅದೇ ಜನ ಮೈಮರೆತು ನೋಡುತ್ತಿದ್ದರು. ಪುಸ್ತಕದ ಸಂಸ್ಕೃತಿಯ ಅಳತೆಗೆ ಸಿಗದ ಈ ವ್ಯಕ್ತಿಯ ಚೆಲುವು ಎಲ್ಲಿಂದ ಬಂತು ಎಂಬ ಬಾಲ್ಯದ ಬೆರಗಿಗೆ ಉತ್ತರ ಬರೆಯಲು ಜೇಮ್ಸ್ ಅವರಿಗೆ ಐವತ್ತು ವರ್ಷಗಳಿಗೂ ಮಿಕ್ಕ ಕಾಲ ಹಿಡಿಯಿತು.

2. ವಠಾರದ ಕಥೆಗಳು

ಜೇಮ್ಸ್ ಮೊದಲು ಬರೆದದ್ದು ಚರಿತ್ರೆಯನ್ನಲ್ಲ, ಕಥೆಗಳನ್ನು. ಆಲ್ಫ್ರೆಡ್ ಮೆಂಡಿಸ್ ಅವರೊಂದಿಗೆ ಸಂಪಾದಿಸಿದ 'ಟ್ರಿನಿಡಾಡ್' ಎಂಬ ಪತ್ರಿಕೆಯಲ್ಲಿ 1929ರಲ್ಲಿ 'ಟ್ರಯಂಫ್' ಎಂಬ ಕಥೆ ಪ್ರಕಟವಾಯಿತು. ಪೋರ್ಟ್ ಆಫ್ ಸ್ಪೇನ್ ನಗರದ 'ಬ್ಯಾರಕ್ ಯಾರ್ಡ್', ಎಂದರೆ ಒಂದೇ ಅಂಗಳಕ್ಕೆ ಬಾಗಿಲು ತೆರೆದ ಒಂಟಿ ಕೋಣೆಗಳ ಸಾಲು, ಈ ಕಥೆಯ ಆವರಣ. ನಮ್ಮ ನಗರಗಳ ವಠಾರವನ್ನು ಬಲ್ಲವರಿಗೆ ಇದರ ಚಿತ್ರ ಸುಲಭವಾಗಿ ಮೂಡುತ್ತದೆ. ಅಲ್ಲಿಯ ಹೆಂಗಸರ ಜಗಳ, ಮಾಟಮದ್ದು, ಹಣದ ಕಷ್ಟ, ಹಬ್ಬದ ಸಡಗರಗಳನ್ನು ಜೇಮ್ಸ್ ಯಾವ ನೀತಿಬೋಧೆಯೂ ಇಲ್ಲದೆ ಚಿತ್ರಿಸಿದರು. ಪಾತ್ರಗಳ ಬಾಯಲ್ಲಿ ದ್ವೀಪದ ಆಡುಮಾತನ್ನೇ ಇಟ್ಟರು.

1936ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ 'ಮಿಂಟಿ ಆಲಿ' ಕಾದಂಬರಿಯ ಹಸ್ತಪ್ರತಿ ಸಿದ್ಧವಾದದ್ದೂ ಟ್ರಿನಿಡಾಡಿನಲ್ಲಿಯೇ. ತಾಯಿಯನ್ನು ಕಳೆದುಕೊಂಡ ಹೇನ್ಸ್ ಎಂಬ ವಿದ್ಯಾವಂತ ತರುಣ ಖರ್ಚು ತಗ್ಗಿಸಲು ಬಡವರ ಕೇರಿಯ ಮನೆಯೊಂದರಲ್ಲಿ ಬಾಡಿಗೆಗೆ ಇರುತ್ತಾನೆ. ಆ ಮನೆಯವರ ಬದುಕನ್ನು ಅವನು ಮೊದಲು ನೋಡುವುದು ಗೋಡೆಯ ಸಂದಿನಿಂದ ಇಣುಕಿ. ಕ್ರಮೇಣ ಅವರ ಕಷ್ಟಸುಖಗಳಿಗೆ ಕಿವಿಯಾಗುತ್ತಾನೆ, ಕೊನೆಗೂ ಅವರಲ್ಲೊಬ್ಬನಾಗುವುದಿಲ್ಲ. ವಿದ್ಯಾವಂತನಿಗೂ ಜನಸಾಮಾನ್ಯರಿಗೂ ನಡುವೆ ಇರುವ ಗೋಡೆಯ ಪ್ರಜ್ಞೆ ಜೇಮ್ಸ್ ಅವರಲ್ಲಿ ಆರಂಭದಿಂದಲೇ ಇತ್ತೆಂಬುದಕ್ಕೆ ಈ ಕಾದಂಬರಿ ಸಾಕ್ಷಿ. ಕ್ಷೇತ್ರಕಾರ್ಯ ಮಾಡಿದ ಸಂಶೋಧಕರಿಗೆ ಹೇನ್ಸನ ಇಕ್ಕಟ್ಟು ಅಪರಿಚಿತವಲ್ಲ.

3. ಇಂಗ್ಲೆಂಡ್ ಮತ್ತು 'ದಿ ಬ್ಲ್ಯಾಕ್ ಜಾಕೊಬಿನ್ಸ್'

1932ರಲ್ಲಿ ಜೇಮ್ಸ್ ಇಂಗ್ಲೆಂಡಿಗೆ ತೆರಳಿ, ಲ್ಯಾಂಕಶೈರಿನ ನೆಲ್ಸನ್ ಎಂಬ ನೇಕಾರರ ಪಟ್ಟಣದಲ್ಲಿ ಕ್ರಿಕೆಟ್ ಆಟಗಾರ ಲಿಯರಿ ಕಾನ್‌ಸ್ಟಂಟೈನ್ ಅವರ ಮನೆಯಲ್ಲಿ ನೆಲೆಸಿದರು. ಟ್ರಿನಿಡಾಡಿನ ಕಾರ್ಮಿಕ ನಾಯಕ ಸಿಪ್ರಿಯಾನಿ ಅವರ ಜೀವನಚರಿತ್ರೆ ಅದೇ ವರ್ಷ ಪ್ರಕಟವಾಯಿತು. ಅದರ ಸಂಕ್ಷೇಪವನ್ನು ಲಿಯೊನಾರ್ಡ್ ಮತ್ತು ವರ್ಜಿನಿಯಾ ವುಲ್ಫ್ ದಂಪತಿಗಳ ಹೊಗಾರ್ತ್ ಪ್ರೆಸ್ 1933ರಲ್ಲಿ 'ದಿ ಕೇಸ್ ಫಾರ್ ವೆಸ್ಟ್ ಇಂಡಿಯನ್ ಸೆಲ್ಫ್ ಗವರ್ನಮೆಂಟ್' ಎಂಬ ಹೆಸರಿನಲ್ಲಿ ಹೊರತಂದಿತು. 1935ರಲ್ಲಿ ಇಟಲಿ ಇಥಿಯೋಪಿಯಾದ ಮೇಲೆ ದಾಳಿ ಮಾಡಿದಾಗ ಜೇಮ್ಸ್ ಅದರ ವಿರುದ್ಧ ಜನಾಭಿಪ್ರಾಯ ರೂಪಿಸುವಲ್ಲಿ ಮುಂದಾದರು. ಬಾಲ್ಯದ ಗೆಳೆಯ ಜಾರ್ಜ್ ಪ್ಯಾಡ್ಮೋರ್ ಅವರೊಂದಿಗೆ ಆಫ್ರಿಕಾದ ವಿಮೋಚನೆಗಾಗಿ ದುಡಿದರು.

ಈ ಚಳವಳಿಯ ನಡುವೆಯೇ ಜೇಮ್ಸ್ ಪ್ಯಾರಿಸ್ಸಿನ ಪತ್ರಾಗಾರಗಳಿಗೆ ಹೋಗಿ ಹೈಟಿಯ ಕ್ರಾಂತಿಯ ದಾಖಲೆಗಳನ್ನು ಶೋಧಿಸಿದರು. ಈ ವಸ್ತುವನ್ನು ಕುರಿತ ಅವರ ನಾಟಕ 1936ರಲ್ಲಿ ಲಂಡನ್ನಿನಲ್ಲಿ ಪಾಲ್ ರೋಬ್ಸನ್ ಅವರ ಮುಖ್ಯಪಾತ್ರದೊಂದಿಗೆ ರಂಗಕ್ಕೆ ಬಂದಿತು. ಚರಿತ್ರೆಯ ಗ್ರಂಥ 1938ರಲ್ಲಿ ಪ್ರಕಟವಾಯಿತು. ಆಗಿನ ಸಾಂ ಡೊಮಾಂಗ್ ಫ್ರಾನ್ಸಿನ ಅತ್ಯಂತ ಲಾಭದಾಯಕ ವಸಾಹತು. ಅಲ್ಲಿಯ ಸುಮಾರು ಐದು ಲಕ್ಷ ಗುಲಾಮರು 1791ರ ಆಗಸ್ಟಿನಲ್ಲಿ ಬಂಡೆದ್ದರು. 1794ರಲ್ಲಿ ಫ್ರಾನ್ಸಿನ ಕ್ರಾಂತಿಕಾರಿ ಸಭೆ ಗುಲಾಮಗಿರಿಯನ್ನು ರದ್ದುಗೊಳಿಸಿತು. ಸ್ಪೇನ್, ಬ್ರಿಟನ್, ನೆಪೋಲಿಯನ್ನನ ಫ್ರಾನ್ಸ್ ಈ ಮೂರರ ಸೇನೆಗಳನ್ನೂ ಹಿಮ್ಮೆಟ್ಟಿಸಿದ ಜನತೆ 1804ರ ಜನವರಿ 1ರಂದು ಹೈಟಿ ಎಂಬ ಸ್ವತಂತ್ರ ರಾಷ್ಟ್ರವನ್ನು ಘೋಷಿಸಿತು.

ಈ ಕ್ರಾಂತಿಯ ವ್ಯಾಖ್ಯಾನದಲ್ಲಿ ಜೇಮ್ಸ್ ಮೂರು ಹೊಸ ನಿಲುವುಗಳನ್ನು ತಳೆದರು. ಮೊದಲನೆಯದಾಗಿ, ದೊಡ್ಡ ಸಕ್ಕರೆ ತೋಟಗಳಲ್ಲಿ ನೂರಾರು ಜನರ ತಂಡಗಳಾಗಿ ದುಡಿಯುತ್ತಿದ್ದ ಗುಲಾಮರು ಅಂದಿನ ಯಾವುದೇ ಕೂಲಿಕಾರರಿಗಿಂತ ಹೆಚ್ಚಾಗಿ ಆಧುನಿಕ ಕಾರ್ಮಿಕವರ್ಗವನ್ನು ಹೋಲುತ್ತಿದ್ದರು. ಅವರ ದಂಗೆ ಪೂರ್ವಸಿದ್ಧತೆಯಿಂದ ಕೂಡಿದ ಸಾಮೂಹಿಕ ಚಳವಳಿಯಾಗಿತ್ತು. ಎರಡನೆಯದಾಗಿ, ಪ್ಯಾರಿಸ್ಸಿನ ಕ್ರಾಂತಿಯನ್ನೂ ಕೆರಿಬಿಯನ್ ದಂಗೆಯನ್ನೂ ಬೇರ್ಪಡಿಸಿ ಅರಿಯಲಾಗದು. ಒಂದು ಇನ್ನೊಂದನ್ನು ಮುಂದೂಡಿತು. ಮೂರನೆಯದಾಗಿ, ನಾಯಕ ತೂಸಾಂ ಲೂವೆರ್ತ್ಯೂರ್ ಕ್ರಾಂತಿಯನ್ನು ಹುಟ್ಟಿಸಿದವನಲ್ಲ. ಕ್ರಾಂತಿಯೇ ಅವನನ್ನು ರೂಪಿಸಿತು.

ತೂಸಾಂನ ಪತನವನ್ನು ಕುರಿತ ಜೇಮ್ಸ್ ಅವರ ವಿಶ್ಲೇಷಣೆ ಇಲ್ಲಿ ವಿಶೇಷವಾಗಿ ಗಮನಾರ್ಹ. ಫ್ರಾನ್ಸಿನೊಡನೆ ಸಂಬಂಧ ಕಡಿಯದೆ, ಬಿಳಿಯ ತೋಟಗಾರರ ನೆರವಿನಿಂದ ಕೃಷಿಯನ್ನು ಪುನರುಜ್ಜೀವಿಸುವುದು ತೂಸಾಂನ ನೀತಿಯಾಗಿತ್ತು. ಅದರ ಕಾರಣಗಳನ್ನು ಅವನು ತನ್ನ ಜನರಿಗೆ ವಿವರಿಸಲಿಲ್ಲ. ಅವರ ಅತೃಪ್ತಿಗೆ ದನಿಯಾದ ಸೋದರಳಿಯ ಮೊಯೀಸ್‌ನನ್ನು 1801ರಲ್ಲಿ ಮರಣದಂಡನೆಗೆ ಗುರಿಮಾಡಿದನು. ಮರುವರ್ಷ ನೆಪೋಲಿಯನ್ನನ ಸೇನೆ ಬಂದಿಳಿದಾಗ ಜನರಲ್ಲಿ ಗೊಂದಲವಿತ್ತು. ಬಂಧಿತನಾದ ತೂಸಾಂ 1803ರ ಏಪ್ರಿಲ್ 7ರಂದು ಫ್ರಾನ್ಸಿನ ಕೋಟೆಯೊಂದರಲ್ಲಿ ಮಡಿದನು. ಜೇಮ್ಸ್ ಅವರ ದೃಷ್ಟಿಯಲ್ಲಿ ಇದು ತತ್ತ್ವದ ಸೋಲಲ್ಲ. ನಾಯಕನಿಗೂ ಜನರಿಗೂ ನಡುವಿನ ಮಾತು ನಿಂತುಹೋದುದರ ಪರಿಣಾಮ.

4. ಆಕರಗಳ ಮಿತಿ

ಜನರನ್ನು ಚರಿತ್ರೆಯ ಕರ್ತೃಗಳೆಂದು ಸ್ಥಾಪಿಸಿದ ಈ ಗ್ರಂಥದಲ್ಲಿ ಜನರ ಮಾತು ಎಷ್ಟಿದೆ? ವೂಡೂ ಆರಾಧನೆಯೇ ದಂಗೆಯ ಸಂಘಟನೆಗೆ ಮಾಧ್ಯಮವಾಯಿತೆಂದು ಜೇಮ್ಸ್ ಗುರುತಿಸಿದರು. 1791ರ ಆಗಸ್ಟಿನಲ್ಲಿ ಕಾಡಿನಲ್ಲಿ ಸೇರಿದ ಸಭೆ, ಪೂಜಾರಿಯೂ ಮುಂದಾಳೂ ಆಗಿದ್ದ ಬೂಕ್ಮನ್, ಬಿರುಮಳೆಯ ರಾತ್ರಿಯ ಪ್ರತಿಜ್ಞೆ ಇವು ಅವರ ಗ್ರಂಥದಲ್ಲಿ ಮಹತ್ವದ ಸ್ಥಾನ ಪಡೆದಿವೆ. ಬುಡಕಟ್ಟಿನ ಮೂಢನಂಬಿಕೆ ಎಂದು ಬದಿಗಿರಿಸಲಾಗಿದ್ದ ಆಚರಣೆಯನ್ನು ರಾಜಕೀಯ ಸಂಘಟನೆಯ ರೂಪವೆಂದು 1938ರಲ್ಲಿಯೇ ಓದಿದ್ದು ಜಾನಪದ ಅಧ್ಯಯನದ ದೃಷ್ಟಿಯಿಂದ ದೊಡ್ಡ ಹೆಜ್ಜೆ.

ಆದರೆ ಅವರು ಬಳಸಿದ ಸಾಮಗ್ರಿ ವಸಾಹತಿನ ಬರಹಗಾರರ ಮೂಲಕ ಬಂದದ್ದು. ಬಿಳಿಯರನ್ನು ನಾಶಮಾಡುವ ಶಪಥವೆಂದು ಅವರು ಅನುವಾದ ಸಹಿತ ಉಲ್ಲೇಖಿಸಿದ ವೂಡೂ ಮಂತ್ರವೊಂದು ಇದಕ್ಕೆ ನಿದರ್ಶನ. ಈ ಮಂತ್ರವನ್ನು ಕೇಳಿದಂತೆ ಬರೆದಿಟ್ಟು 1797ರಲ್ಲಿ ಪ್ರಕಟಿಸಿದವನು ಮೊರೋ ದ ಸಾಂ ಮೆರಿ ಎಂಬ ವಸಾಹತಿನ ನ್ಯಾಯವಾದಿ. ಅದರ ಭಾಷೆ ಮಧ್ಯ ಆಫ್ರಿಕಾದ ಕಿಕಾಂಗೊ ಎಂದು ಗುರುತಿಸಿದ ನಂತರದ ವಿದ್ವಾಂಸರು, ಅದು ಕೇಡಿನಿಂದ ರಕ್ಷಣೆ ಕೋರುವ ಮಂತ್ರವಿರಬೇಕೆಂದು ಅಭಿಪ್ರಾಯಪಟ್ಟಿದ್ದಾರೆ. ಹಾಗಿದ್ದರೆ ಶಪಥವೆಂಬ ಅರ್ಥವು ತೋಟದ ಒಡೆಯರ ಭಯದಿಂದ ಹುಟ್ಟಿದ್ದು. ಒಡೆಯನ ಭಯವನ್ನು ಗುಲಾಮನ ದನಿಯೆಂದು ಓದುವ ಅಪಾಯ ಎಷ್ಟು ಎಚ್ಚರದ ಇತಿಹಾಸಕಾರನಿಗೂ ತಪ್ಪಿದ್ದಲ್ಲ.

ತೂಸಾಂ ದಂಗೆಯ ಕಾಲದವರೆಗೂ ಗುಲಾಮನಾಗಿದ್ದನೆಂಬ ಅಂದಿನ ತಿಳಿವಳಿಕೆಯನ್ನೇ ಜೇಮ್ಸ್ ಅನುಸರಿಸಿದ್ದರು. ಅವನು 1776ರ ವೇಳೆಗಾಗಲೇ ಬಿಡುಗಡೆ ಹೊಂದಿ ಸ್ವತಂತ್ರನಾಗಿದ್ದನೆಂಬುದು 1970ರ ದಶಕದಲ್ಲಿ ಬೆಳಕಿಗೆ ಬಂದಿತು. ಗ್ರಂಥದಲ್ಲಿ ಸ್ತ್ರೀಯರ ಪ್ರಸ್ತಾಪ ವಿರಳವೆಂಬುದು ಇನ್ನೊಂದು ಕೊರತೆ. ಕಾಡಿನ ಸಭೆಯಲ್ಲಿ ಆಚರಣೆ ನಡೆಸಿದವಳೆಂದು ಹೈಟಿಯ ಮೌಖಿಕ ಪರಂಪರೆ ನೆನೆಯುವ ಸೆಸಿಲ್ ಫಾತಿಮಾನ್‌ಳಂಥ ಪೂಜಾರಿಣಿಯರಿಗೆ ಇಲ್ಲಿ ಸ್ಥಾನವಿಲ್ಲ. ವಠಾರದ ಕಥೆಗಳನ್ನು ಸ್ತ್ರೀಪಾತ್ರಗಳಿಂದಲೇ ತುಂಬಿದ ಲೇಖಕರು ಚರಿತ್ರೆಗೆ ಬಂದಾಗ ಅವರನ್ನು ಕಾಣದೇ ಹೋದದ್ದಕ್ಕೆ ಆಕರಗಳ ಸ್ವರೂಪವೇ ಮುಖ್ಯ ಕಾರಣ. ಕಥೆಗೆ ಅವರು ಕಿವಿಗೊಟ್ಟದ್ದು ಕೇರಿಯ ಮಾತಿಗೆ, ಚರಿತ್ರೆಗೆ ಪತ್ರಾಗಾರಕ್ಕೆ.

5. ಬರೆದುಕೊಳ್ಳುವ ವಿಧಾನ: ಅಮೆರಿಕದ ವರ್ಷಗಳು

1938ರಲ್ಲಿ ಅಮೆರಿಕಕ್ಕೆ ತೆರಳಿದ ಜೇಮ್ಸ್ ಅಲ್ಲಿ ಹದಿನೈದು ವರ್ಷ ಉಳಿದರು. ರಾಯಾ ದುನಯೆವ್‌ಸ್ಕಯಾ, ಗ್ರೇಸ್ ಲೀ ಮೊದಲಾದವರೊಂದಿಗೆ ಸಣ್ಣ ಮಾರ್ಕ್ಸ್‌ವಾದಿ ಗುಂಪೊಂದನ್ನು ಕಟ್ಟಿದರು. 1940ರ ದಶಕದ ಆರಂಭದಲ್ಲಿ ಮಿಸೌರಿಯ ಹತ್ತಿ ಹೊಲಗಳ ಕೂಲಿಕಾರರ ಹೋರಾಟದಲ್ಲಿ ತೊಡಗಿದ್ದಾಗ ಕರಪತ್ರವೊಂದನ್ನು ಸಿದ್ಧಪಡಿಸಬೇಕಾಯಿತು. ಜೇಮ್ಸ್ ತಾವೇ ಬರೆದುಕೊಡುವ ಬದಲು ಕೂಲಿಕಾರರನ್ನು ಕೂಡಿಸಿ, ಏನು ಹೇಳಬೇಕೆಂದು ಅವರನ್ನೇ ಕೇಳಿ, ಅವರ ಮಾತನ್ನು ಬರೆದುಕೊಂಡರು.

ಇದೇ ಕ್ರಮ ಮುಂದೆ ಗುಂಪಿನ ವಿಧಾನವಾಯಿತು. ವಿದ್ಯಾವಂತ ಸದಸ್ಯರು ಶಾಯಿ ತುಂಬಿದ ಪೆನ್ನಾಗಿ ಒದಗಬೇಕು; ಕಾರ್ಮಿಕರು ಹೇಳಿದ್ದನ್ನು ಬರೆದು, ಅವರಿಗೇ ತೋರಿಸಿ, ಅವರು ತಿದ್ದಿದ ಮೇಲೆ ಪ್ರಕಟಿಸಬೇಕು ಎಂಬುದು ಅದರ ತಿರುಳು. 1947ರ 'ದಿ ಅಮೆರಿಕನ್ ವರ್ಕರ್' ಎಂಬ ಪುಸ್ತಿಕೆ ಕಾರ್ಖಾನೆಯ ಕಾರ್ಮಿಕನೊಬ್ಬನ ದಿನಚರ್ಯೆಯನ್ನು ಅವನ ದೃಷ್ಟಿಯಿಂದ ನಿರೂಪಿಸಿತು. ಮೋಟಾರು ಕಾರ್ಖಾನೆಯ ಕರಿಯ ಕಾರ್ಮಿಕ ಚಾರ್ಲ್ಸ್ ಡೆನ್ಬಿ ಅವರ ಆತ್ಮಕಥನ 'ಇಂಡಿಗ್ನೆಂಟ್ ಹಾರ್ಟ್' 1952ರಲ್ಲಿ ಹೊರಬಂದಿತು. ಹೇಳಿದವನಿಗೇ ಓದಿ ತೋರಿಸಿ ತಿದ್ದಿಸಿಕೊಳ್ಳುವ ಈ ಕ್ರಮವು ಹೇಳುವವನನ್ನು ಮಾಹಿತಿದಾರನ ಸ್ಥಾನದಿಂದ ಗ್ರಂಥಕರ್ತನ ಸ್ಥಾನಕ್ಕೆ ಏರಿಸುತ್ತದೆ. ಜಾನಪದ ಸಂಗ್ರಹದ ನೈತಿಕತೆಯನ್ನು ಕುರಿತ ಯಾವುದೇ ಚರ್ಚೆಯಲ್ಲಿ ಈ ಪ್ರಯೋಗ ನೆನೆಯಲರ್ಹ.

ಶೀತಲ ಸಮರದ ದಿನಗಳಲ್ಲಿ, 1952ರಲ್ಲಿ, ಅಮೆರಿಕದ ಸರ್ಕಾರ ಜೇಮ್ಸ್ ಅವರನ್ನು ಎಲ್ಲಿಸ್ ದ್ವೀಪದಲ್ಲಿ ಬಂಧನದಲ್ಲಿಟ್ಟಿತು. ಅಲ್ಲಿ ಅವರು ಮೆಲ್ವಿಲ್‌ನ ಕಾದಂಬರಿ 'ಮೊಬಿ ಡಿಕ್' ಕುರಿತ ವಿಮರ್ಶಾಗ್ರಂಥವನ್ನು ಬರೆದರು. ಕಪ್ತಾನನಿಗಿಂತ ಹಡಗಿನ ನಾನಾ ದೇಶಗಳ ಆಳುಗಳತ್ತ ಓದುಗರ ಗಮನ ತಿರುಗಿಸಿದ್ದು ಆ ಗ್ರಂಥದ ವೈಶಿಷ್ಟ್ಯ. 1953ರಲ್ಲಿ ಅವರು ಅಮೆರಿಕವನ್ನು ತೊರೆಯಬೇಕಾಯಿತು.

6. ಕ್ಯಾಲಿಪ್ಸೊ, ಕ್ರಿಕೆಟ್ ಮತ್ತು ಪಕ್ಷ

ಇಪ್ಪತ್ತಾರು ವರ್ಷಗಳ ನಂತರ, 1958ರಲ್ಲಿ, ಜೇಮ್ಸ್ ಟ್ರಿನಿಡಾಡಿಗೆ ಮರಳಿದರು. ಹಿಂದಿನ ವಿದ್ಯಾರ್ಥಿ ಎರಿಕ್ ವಿಲಿಯಮ್ಸ್ ಅವರ ಪಕ್ಷದ ಪತ್ರಿಕೆ 'ದಿ ನೇಷನ್'ನ ಸಂಪಾದಕರಾದರು. ವೆಸ್ಟ್ ಇಂಡೀಸ್ ತಂಡದ ನಾಯಕತ್ವ ಬಿಳಿಯರಿಗೇ ಮೀಸಲಾಗಿದ್ದುದನ್ನು ಪ್ರಶ್ನಿಸಿ, ಫ್ರಾಂಕ್ ವೊರೆಲ್ ಅವರನ್ನು ನಾಯಕರನ್ನಾಗಿ ಮಾಡಬೇಕೆಂದು ಆ ಪತ್ರಿಕೆಯಲ್ಲಿ ಪಟ್ಟುಹಿಡಿದು ಬರೆದರು. 1960ರ ಜನವರಿಯಲ್ಲಿ ಪೋರ್ಟ್ ಆಫ್ ಸ್ಪೇನ್ ಟೆಸ್ಟಿನ ವೇಳೆ ಪ್ರೇಕ್ಷಕರು ಮೈದಾನಕ್ಕೆ ಬಾಟಲಿ ಎಸೆದಾಗ, ಆ ಸಿಟ್ಟಿನಲ್ಲಿ ರಾಜಕೀಯ ಅರ್ಥವಿದೆಯೆಂದು ಅವರು ವಿಶ್ಲೇಷಿಸಿದರು. 1960-61ರ ಆಸ್ಟ್ರೇಲಿಯಾ ಪ್ರವಾಸಕ್ಕೆ ವೊರೆಲ್ ನಾಯಕರಾದರು.

ಇದೇ ಕಾಲದಲ್ಲಿ ಜೇಮ್ಸ್ ಕ್ಯಾಲಿಪ್ಸೊ ಗಾಯಕ ಮೈಟಿ ಸ್ಪ್ಯಾರೊ ಕುರಿತು ಬರೆದರು. ಬ್ರಿಟಿಷ್ ಸಾಹಿತ್ಯರೂಪಗಳನ್ನು ಎರವಲು ಪಡೆದ ಲೇಖಕರ ಓದುಗರು ಹೊರದೇಶದಲ್ಲಿದ್ದಾರೆ. ಸ್ಪ್ಯಾರೊನ ಹಾಡಿನ ರೂಪವೂ ಕೇಳುಗರೂ ಈ ನೆಲದವರೇ ಎಂಬುದು ಅವರ ವಾದದ ಸಾರ. ತಾಯಿ ನರಕದ ದಾರಿಯೆಂದು ಕಂಡಿದ್ದ ಹಾಡಿನಲ್ಲಿ ಮಗ ರಾಷ್ಟ್ರೀಯ ಕಲೆಯ ಮಾದರಿಯನ್ನು ಕಂಡರು.

ವಿಲಿಯಮ್ಸ್ ಅವರೊಂದಿಗಿನ ಸಂಬಂಧ ಬಹುಕಾಲ ಬಾಳಲಿಲ್ಲ. ಪಕ್ಷ ಜನರೊಡನೆ ಮಾತನಾಡುವುದನ್ನು ಬಿಟ್ಟು ಆಡಳಿತಯಂತ್ರವಾಗುತ್ತಿದೆ ಎಂಬುದು ಜೇಮ್ಸ್ ಅವರ ಆಕ್ಷೇಪ. ತೂಸಾಂನ ಕಥೆಯಲ್ಲಿ ಅವರು ಕಂಡ ದುರಂತವನ್ನೇ ಸ್ವದೇಶದ ರಾಜಕಾರಣದಲ್ಲಿ ಮತ್ತೆ ಕಂಡರು. 1962ರಲ್ಲಿ ಸ್ವಾತಂತ್ರ್ಯ ದಿನಕ್ಕೆ ಮುನ್ನ ಅವರು ದೇಶ ಬಿಟ್ಟರು. 1965ರಲ್ಲಿ ಕ್ರಿಕೆಟ್ ವರದಿಗಾರರಾಗಿ ಬಂದಾಗ, ಸಕ್ಕರೆ ತೋಟದ ಕಾರ್ಮಿಕರ ಮುಷ್ಕರದ ಹಿನ್ನೆಲೆಯಲ್ಲಿ, ವಿಲಿಯಮ್ಸ್ ಸರ್ಕಾರ ಅವರನ್ನು ಗೃಹಬಂಧನದಲ್ಲಿಟ್ಟಿತು. ಅದೇ ವರ್ಷ ಭಾರತ ಮೂಲದ ವೆಸ್ಟ್ ಇಂಡಿಯನ್ನರನ್ನು ಕುರಿತ ಪುಸ್ತಿಕೆಯನ್ನು ಅವರು ಪ್ರಕಟಿಸಿದರು. ಆಫ್ರಿಕಾ ಮೂಲದ ಹಾಗೂ ಭಾರತ ಮೂಲದ ಕಾರ್ಮಿಕರನ್ನು ಒಂದುಗೂಡಿಸಲು ಸ್ಟೀಫನ್ ಮಹಾರಾಜ್ ಮೊದಲಾದವರೊಂದಿಗೆ ಕಟ್ಟಿದ ಪಕ್ಷ 1966ರ ಚುನಾವಣೆಯಲ್ಲಿ ಒಂದು ಸ್ಥಾನವನ್ನೂ ಗೆಲ್ಲಲಿಲ್ಲ. ಜನರ ಅರಿವಿನ ಮೇಲೆ ಅಪಾರ ವಿಶ್ವಾಸವಿಟ್ಟ ಚಿಂತಕರಿಗೆ ಜನರು ಮತ ನೀಡಲಿಲ್ಲವೆಂಬ ಸಂಗತಿಯನ್ನು ಅವರ ಜೀವನಚರಿತ್ರೆ ಮರೆಮಾಚಲಾಗದು.

1963ರ 'ಬಿಯಾಂಡ್ ಎ ಬೌಂಡರಿ' ಆತ್ಮಕಥನ, ಕ್ರೀಡಾವಿಮರ್ಶೆ, ಸಾಮಾಜಿಕ ಚರಿತ್ರೆ ಮೂರೂ ಬೆರೆತ ಕೃತಿ. ಟ್ರಿನಿಡಾಡಿನ ಕ್ಲಬ್ಬುಗಳು ವರ್ಣ ಮತ್ತು ವರ್ಗದ ಶ್ರೇಣಿಯನ್ನು ತದ್ವತ್ ಪ್ರತಿಬಿಂಬಿಸುತ್ತಿದ್ದವು: ಕ್ವೀನ್ಸ್ ಪಾರ್ಕ್ ಶ್ರೀಮಂತ ಬಿಳಿಯರದು, ಮೇಪಲ್ ಕಂದುಬಣ್ಣದ ಮಧ್ಯಮವರ್ಗದ್ದು, ಶ್ಯಾನನ್ ಕರಿಯ ಕೆಳಮಧ್ಯಮವರ್ಗದ್ದು, ಸ್ಟಿಂಗೊ ಬಡ ಕರಿಯರದು. ತರುಣ ಜೇಮ್ಸ್ ಸೇರಿದ್ದು ಮೇಪಲ್‌ಗೆ. ಆ ಆಯ್ಕೆಯಿಂದ ತಾವು ಜನಸಾಮಾನ್ಯರಿಂದ ದೂರವಾದುದನ್ನು ಅವರು ಮುಚ್ಚಿಡಲಿಲ್ಲ. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಅತ್ಯಂತ ಜನಪ್ರಿಯನಾಗಿದ್ದ ಡಬ್ಲ್ಯು. ಜಿ. ಗ್ರೇಸ್‌ನ ಹೆಸರು ಆ ದೇಶದ ಸಾಮಾಜಿಕ ಚರಿತ್ರೆಗಳಲ್ಲಿ ಏಕಿಲ್ಲ ಎಂದು ಪ್ರಶ್ನಿಸಿ, ಜನರು ಯಾವುದಕ್ಕಾಗಿ ಬದುಕಿದರೆಂಬುದನ್ನು ಬಿಟ್ಟ ಚರಿತ್ರೆ ಅಪೂರ್ಣವೆಂದು ವಾದಿಸಿದರು. ಮ್ಯಾಥ್ಯೂ ಬಾಂಡ್‌ಮನ್ ಈ ಕೃತಿಯಲ್ಲಿ ಗ್ರೇಸ್‌ನಷ್ಟೇ ಗಂಭೀರವಾದ ಚಾರಿತ್ರಿಕ ಸಾಕ್ಷ್ಯ. ಮೈದಾನದ ದೇಹಭಾಷೆಯೂ, ಹಾಡುಗಾರನ ಡೇರೆಯೂ ಆಕರಗಳೇ ಎಂಬ ನಿಲುವು ಇಲ್ಲಿ ಪಕ್ವವಾಗಿದೆ.

7. 1971ರ ಮರುಚಿಂತನೆ

ಅಟ್ಲಾಂಟಾ ನಗರದ 'ಇನ್‌ಸ್ಟಿಟ್ಯೂಟ್ ಆಫ್ ದಿ ಬ್ಲ್ಯಾಕ್ ವರ್ಲ್ಡ್' ಸಂಸ್ಥೆಯಲ್ಲಿ 1971ರಲ್ಲಿ ಜೇಮ್ಸ್ 'ದಿ ಬ್ಲ್ಯಾಕ್ ಜಾಕೊಬಿನ್ಸ್' ಕುರಿತು ಉಪನ್ಯಾಸಮಾಲೆ ನೀಡಿದರು. ಅದನ್ನು ಹೇಗೆ ಬರೆದೆ ಎಂಬುದರೊಂದಿಗೆ, ಈಗ ಬರೆದರೆ ಹೇಗೆ ಬರೆಯುತ್ತೇನೆ ಎಂಬುದೂ ಅವುಗಳ ವಸ್ತು. ಗುಲಾಮರನ್ನು ಹೊರಗಿನವರು ಕಂಡ ವರ್ಣನೆಗಳನ್ನು ಕಡಿಮೆಮಾಡಿ, ಗುಲಾಮರು ಅಥವಾ ಅವರಿಗೆ ಅತಿ ಸಮೀಪದವರು ತಮ್ಮ ದುಡಿಮೆ ಮತ್ತು ಭಾವನೆಗಳನ್ನು ಕುರಿತು ಹೇಳಿದ್ದನ್ನು ಮುಂದಿಡುವುದಾಗಿ ಅವರು ತಿಳಿಸಿದರು. ಹೆಸರು ಉಳಿಯದ ಸ್ಥಳೀಯ ಮುಂದಾಳುಗಳಿಗೆ ತೂಸಾಂನಿಗಿಂತ ಹೆಚ್ಚಿನ ಗಮನ ಸಲ್ಲಬೇಕೆಂಬುದು ಅವರ ನಿಲುವಾಗಿತ್ತು. ಎಪ್ಪತ್ತರ ವಯಸ್ಸಿನಲ್ಲಿ, ಜಗತ್ತಿನಾದ್ಯಂತ ಮನ್ನಣೆ ಪಡೆದ ತಮ್ಮ ಕೃತಿಯ ಅಡಿಪಾಯವನ್ನೇ ಲೇಖಕರು ಮರುಪರೀಕ್ಷೆಗೆ ಒಡ್ಡಿದ ಅಪರೂಪದ ಪ್ರಸಂಗವಿದು. ಮಿಸೌರಿಯ ಹೊಲದಲ್ಲಿ ಕಲಿತ ಪಾಠ, ಕ್ಯಾಲಿಪ್ಸೊ ಮತ್ತು ಕ್ರಿಕೆಟ್ಟನ್ನು ಓದಿದ ಅನುಭವ ಇವೆರಡೂ ಈ ಮರುಚಿಂತನೆಯ ಹಿಂದೆ ಕೆಲಸ ಮಾಡಿವೆ.

ಜೇಮ್ಸ್ ಆ ಮರುಬರವಣಿಗೆಯನ್ನು ಕೈಗೊಳ್ಳಲಿಲ್ಲ. ಮುಂದಿನ ತಲೆಮಾರು ಕೈಗೊಂಡಿತು. ಲಂಡನ್ನಿನಲ್ಲಿ ಅವರ ಅಧ್ಯಯನ ಗುಂಪಿನಲ್ಲಿದ್ದ ಗಯಾನಾದ ಇತಿಹಾಸಕಾರ ವಾಲ್ಟರ್ ರಾಡ್ನಿ 1968ರಲ್ಲಿ ಜಮೈಕಾದ ರಾಸ್ತಫಾರಿಗಳ ನಡುವೆ ಕುಳಿತು ಆಫ್ರಿಕಾದ ಚರಿತ್ರೆಯನ್ನು ಚರ್ಚಿಸಿದರು. ಹೈಟಿಯ ಮಿಶೆಲ್ ರೋಲ್ಫ್ ತ್ರೂಯೊ 1977ರಲ್ಲಿ ಕ್ರಾಂತಿಯ ಚರಿತ್ರೆಯನ್ನು ಫ್ರೆಂಚಿನ ಬದಲು ಜನಭಾಷೆಯಾದ ಕ್ರಿಯೋಲಿನಲ್ಲಿ ಬರೆದರು. ಕ್ಯಾರೊಲಿನ್ ಫಿಕ್ 1990ರಲ್ಲಿ ಅದೇ ಕ್ರಾಂತಿಯನ್ನು ಕೆಳಗಿನಿಂದ ನೋಡಿದ ಗ್ರಂಥವನ್ನು ಪ್ರಕಟಿಸಿದರು.

8. ಸಮಾರೋಪ

1980ರ ದಶಕದಲ್ಲಿ ಲಂಡನ್ನಿನ ಬ್ರಿಕ್ಸ್ಟನ್‌ನಲ್ಲಿ ನೆಲೆಸಿದ್ದ ಜೇಮ್ಸ್ 1989ರ ಮೇ 31ರಂದು ನಿಧನರಾದರು. ಅವರನ್ನು ಮಣ್ಣು ಮಾಡಿದ್ದು ಟ್ಯೂನಪೂನದಲ್ಲಿ. ಸಮಾಧಿಯ ಕಲ್ಲಿನ ಮೇಲೆ 'ಬಿಯಾಂಡ್ ಎ ಬೌಂಡರಿ'ಯ ಭಾಗವೊಂದನ್ನು ಕೆತ್ತಲಾಗಿದೆ.

ಜೇಮ್ಸ್ ಅವರ ಕೊಡು‌ಗೆಯನ್ನು ಎರಡು ನೆಲೆಗಳಲ್ಲಿ ಗುರುತಿಸಬಹುದು. ಒಡೆಯರ ದಾಖಲೆಗಳನ್ನು ಅವುಗಳ ಉದ್ದೇಶಕ್ಕೆ ವಿರುದ್ಧವಾಗಿ ಓದಿ, ಗುಲಾಮರನ್ನು ಚರಿತ್ರೆಯ ಕರ್ತೃಗಳಾಗಿ ತೋರಿಸಿದ್ದು ಮೊದಲನೆಯದು. ಅಂಥ ಓದಿಗೂ ಮಿತಿಯಿದೆ ಎಂದು ಅರಿತು ಹಾಡು, ಆಟ, ಆಚರಣೆ, ಬಾಯ್ಮಾತುಗಳನ್ನು ಚರಿತ್ರೆಯ ಆಕರಗಳಾಗಿ ಮಾನ್ಯಮಾಡಿದ್ದು ಎರಡನೆಯದು. ಮೊದಲನೆಯದು ಅವರಿಗೆ ಕೀರ್ತಿ ತಂದಿತು. ಎರಡನೆಯದು ಅವರು ಮುಗಿಸದೆ ಬಿಟ್ಟ ಕೆಲಸ. ವೂಡೂ ಮಂತ್ರದ ನಿದರ್ಶನ ತೋರಿಸುವಂತೆ, ಮೌಖಿಕ ಆಕರವನ್ನು ಬಳಸುವ ಸದುದ್ದೇಶವೊಂದೇ ಸಾಲದು. ಆ ಮಾತನ್ನು ಯಾರು ಕೇಳಿದರು, ಯಾವ ಭಾಷೆಯಲ್ಲಿ ಬರೆದರು, ಹೇಳಿದವರು ಅದನ್ನು ಒಪ್ಪುತ್ತಿದ್ದರೇ ಎಂಬುದನ್ನೂ ವಿಚಾರಿಸಬೇಕಾಗುತ್ತದೆ. ಚರಿತ್ರೆ ಮತ್ತು ಜಾನಪದ ಕೂಡಿ ನಡೆಸಬೇಕಾದ ಶೋಧನೆ ಇಲ್ಲಿಂದ ಮುಂದುವರಿಯಬೇಕಾಗಿದೆ.